ಒಂದಕ್ಷರದ ಲೋಪ

ವ್ಯಾಕರಣದಲ್ಲಿ ಆಗಮವೆಂದೂ ಆದೇಶವೆಂದೂ ಎರಡು ಕಾರ್ಯಗಳುಂಟು. ಆಗಮವು ಮಿತ್ರನಂತೆ ಬಂದು ಪಕ್ಕದಲ್ಲಿ ಕುಳಿತುಕೊಳ್ಳುವುದು. ಆದೇಶವು ಶತ್ರುವಿನಂತೆ ಇದ್ದವನನ್ನು ಎಬ್ಬಿಸಿ ಆ ಸ್ಥಾನದಲ್ಲಿ ತಾನು ಕೂರುವುದು. ಮೂವತ್ತು ವರ್ಷ ಬಾಲಕರಿಗೆ ಇದನ್ನು ಬೋಧಿಸಿದ ನಾನು ಇದರ ಮರ್ಮವನ್ನು ಅರಿತುದು, ನಿವೃತ್ತನಾಗಿ ಸುಗಟೂರಿನಲ್ಲಿ ನೆಲಸಿದ ಮೇಲೆ, ಒಂದು ಗಣಕಯಂತ್ರದ ಮುಂದೆ.

ನಮ್ಮ ತಂದೆಯವರು ಅಮರಕೋಶಕ್ಕೆ ಬರೆದಿಟ್ಟಿದ್ದ ಕನ್ನಡ ಟಿಪ್ಪಣಿಗಳ ಶಾಯಿಯು ವರ್ಷದಿಂದ ವರ್ಷಕ್ಕೆ ಮಾಸುತ್ತಿದ್ದಿತು. ಅವನ್ನು ಉಳಿಸುವ ಸಲುವಾಗಿ ಮಗನು ಉಬುಂಟು ಲಿನಕ್ಸ್ ಹಾಕಿದ ಯಂತ್ರವೊಂದನ್ನು ಅಣಿಮಾಡಿಕೊಟ್ಟು ಪರದೇಶಕ್ಕೆ ಹೋದನು. ಒಂದು ವರ್ಷದಲ್ಲಿ ಇನ್ನೂರು ಪುಟಗಳನ್ನು ಬೆರಳಚ್ಚು ಮಾಡಿದೆನು. ಬೇರೆ ಪ್ರತಿಯನ್ನು ಮಾತ್ರ ಎಲ್ಲಿಯೂ ಇಡಲಿಲ್ಲ.

1991ರಲ್ಲಿ ಫಿನ್‌ಲೆಂಡಿನ ಲಿನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿಯು ಆರಂಭಿಸಿದ ಈ ಲಿನಕ್ಸ್‌ನಲ್ಲಿ ಸರ್ವಾಧಿಕಾರಿಗೆ ‘ರೂಟ್’ ಎಂದು ಹೆಸರು. ಉಬುಂಟುವಿನಲ್ಲಿ ಅವನ ಬಾಗಿಲಿಗೆ ಮೊದಲಿನಿಂದಲೇ ಬೀಗ. ‘ಸುಡೊ’ ಗುಂಪಿಗೆ ಸೇರಿದವರು ತಮ್ಮ ಗುಪ್ತಪದವನ್ನು ಹೇಳಿ ಅವನ ಅಧಿಕಾರವನ್ನು ಗಳಿಗೆಯ ಮಟ್ಟಿಗೆ ಎರವಲು ಪಡೆಯಬಹುದು.

ಹಸ್ತಪ್ರತಿಯ ಚಿತ್ರ ತೆಗೆಯಲೆಂದು ನನ್ನನ್ನು ‘ಸ್ಕ್ಯಾನರ್’ ಗುಂಪಿಗೆ ಸೇರಿಸಿಕೊಳ್ಳಲು ಹೊರಟೆನು. ‘ಯೂಸರ್‌ಮಾಡ್’ ಎಂಬ ಆಜ್ಞೆಯಲ್ಲಿ ‘ಎಜಿ’ ಎಂದು ಬರೆಯಬೇಕಾದಲ್ಲಿ ‘ಜಿ’ ಎಂದಷ್ಟೇ ಬರೆದೆನು. ‘ಎ’ ಇದ್ದರೆ ಹೊಸ ಗುಂಪು ಹಳೆಯವುಗಳ ಜೊತೆಗೂಡುವುದು. ಇಲ್ಲವಾದರೆ ಹಳೆಯವು ಹೋಗಿ ಅದೊಂದೇ ನಿಲ್ಲುವುದು. ಆಗಮವು ಆದೇಶವಾಯಿತು! ಮರುದಿನ ಯಂತ್ರವು, ‘ನೀನು ಅಧಿಕಾರಿಗಳ ಪಟ್ಟಿಯಲ್ಲಿಲ್ಲ, ಈ ಸಂಗತಿಯನ್ನು ವರದಿ ಮಾಡಲಾಗುವುದು’ ಎಂಬರ್ಥದ ಮಾತನ್ನು ಮುಖಕ್ಕೆ ಹಿಡಿಯಿತು. ಯಾರಿಗೆ ವರದಿ? ಮನೆಯಲ್ಲಿದ್ದವನು ನಾನೊಬ್ಬನೇ.

ಪೇಟೆಯ ಅಂಗಡಿಯವನೊಬ್ಬನು, ‘ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಬೇಕು ಮೇಷ್ಟ್ರೇ’ ಎಂದನು. ಎದೆ ಧಸಕ್ಕೆಂದಿತು. ಮಗನಿಗೆ ತಿಳಿಸೋಣವೆಂದರೆ ಸಂಕೋಚ; ಒಂದು ದೀರ್ಘವನ್ನು ಬಿಟ್ಟುದಕ್ಕಾಗಿ ಅವನನ್ನು ತರಗತಿಯಲ್ಲಿ ಬೆಂಚಿನ ಮೇಲೆ ನಿಲ್ಲಿಸಿದ ತಂದೆ ನಾನು. ಎರಡು ದಿನ ತಡೆದು ಕಡೆಗೆ ದೂರವಾಣಿಯಲ್ಲಿ ಹೇಳಿದೆನು. ಅವನು ನಗಲಿಲ್ಲ. ‘ನಾನೂ ಒಮ್ಮೆ ಹೀಗೇ ಮಾಡಿದ್ದೆ ಅಪ್ಪಾ. ಏನನ್ನೂ ಅಳಿಸಬೇಡಿ’ ಎಂದನು.

ಅವನು ಹೇಳಿದಂತೆ ಯಂತ್ರವು ಏಳುವ ಹೊತ್ತಿನಲ್ಲಿ ಎಸ್ಕೇಪ್ ಕೀಲಿಯನ್ನೊತ್ತಿ, ರಿಕವರಿ ಎಂಬ ಮಾರ್ಗವನ್ನು ಹಿಡಿದು, ರೂಟ್‌ನ ಸನ್ನಿಧಿಗೇ ಹೋದೆನು. ಅಲ್ಲಿ ಡಿಸ್ಕು ಓದುವುದಕ್ಕೆ ಮಾತ್ರ ತೆರೆದಿರುವುದರಿಂದ, ಮೊದಲು ಬರೆಯುವುದಕ್ಕೂ ಅದನ್ನು ತೆರೆಸಬೇಕು. ಬಳಿಕ ಅದೇ ಆಜ್ಞೆಯನ್ನು, ಈ ಸಾರಿ ‘ಎ’ ಸಹಿತವಾಗಿ, ಬರೆದು ಸುಡೊ ಗುಂಪಿಗೆ ಮರಳಿದೆನು. ಹತ್ತು ನಿಮಿಷದ ಕೆಲಸ.

ಒಂದು ಮಾತು ವಾಚಕರು ಗಮನಿಸಬೇಕು. ಡಿಸ್ಕನ್ನು ಗೂಢಲಿಪಿಯಲ್ಲಿ ಇಡದಿದ್ದರೆ, ಯಂತ್ರದ ಮುಂದೆ ಕೂರಬಲ್ಲ ಯಾರಾದರೂ ಈ ಮಾರ್ಗವಾಗಿ ಅದರ ಒಡೆಯನಾಗಬಹುದು. ನನ್ನನ್ನು ಕಾಪಾಡಿದ ಬಾಗಿಲು ಕಳ್ಳನಿಗೂ ತೆರೆದೇ ಇದೆ.

ಈಗ ಟಿಪ್ಪಣಿಗಳಿಗೆ ಮೂರು ಪ್ರತಿಗಳಿವೆ. ಒಂದು ಮಗನ ಬಳಿಯಲ್ಲಿದೆ. ಅದನ್ನು ಕಳುಹಿಸಿದ ದಿನ ಆ ಬೆಂಚಿನ ಪ್ರಸಂಗವನ್ನೂ ನೆನೆದು ಬರೆದೆನು. ‘ಅದು ದೀರ್ಘವಲ್ಲ, ಒತ್ತಕ್ಷರ’ ಎಂದು ಅವನು ತಿದ್ದಿ ಉತ್ತರಿಸಿದನು.