ತಟ್ಟೆಯಲ್ಲಿ ಬಂದ ಬಳುವಳಿ

ಮೈಸೂರು, ಮಾರ್ಚ್ 4, 2025

ಮಗಳ ಸಕ್ಕರೆ ಪರೀಕ್ಷೆಯ ರಿಪೋರ್ಟ್ ಬಂತು. 75 ಗ್ರಾಂ ಗ್ಲೂಕೋಸ್ ಕುಡಿಸಿ, ಎರಡು ಗಂಟೆ ಬಿಟ್ಟು ತೆಗೆದ ರಕ್ತದಲ್ಲಿ 158. ಬಸುರಿಯರಿಗೆ 140 ಮುಟ್ಟಿದರೆ ಸಕ್ಕರೆ ಕಾಯಿಲೆ ಎಂದೇ ಲೆಕ್ಕ. ಎರಡು ವಾರ ಊಟದಲ್ಲೇ ಹಿಡಿತಕ್ಕೆ ತರಲು ನೋಡೋಣ, ಆಗದಿದ್ದರೆ ಔಷಧಿ ಎಂದರು ಡಾಕ್ಟರು. ಮಗಳು ಧೈರ್ಯವಾಗಿಯೇ ಕೇಳಿಕೊಂಡಳು.

ಅವಳ ಧೈರ್ಯ ಕುಂದಿಸಿದ್ದು ಸಂಜೆ ಬಂದ ದೊಡ್ಡಮ್ಮನ ಮಾತು. "ನಿಮ್ಮಮ್ಮಂಗಿತ್ತು, ನಿಂಗ್ ಬಂತು, ಈಗ ಇವಳಿಗೆ. ವಂಶದ್ದು ಕಣೆ, ಏನ್ಮಾಡಕ್ಕಾಗುತ್ತೆ?" ಕೆಟ್ಟ ಮನಸ್ಸಿನಿಂದ ಆಡಿದ್ದಲ್ಲ. ಅವರು ಹೋದ ಮೇಲೆ ಮಗಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು "ಹಾಗಾದ್ರೆ ಇದಕ್ಕೂ ಬರುತ್ತಾ ಅಮ್ಮ?" ಎಂದಳು. ಅವಳಿಗೆ ಸಮಾಧಾನದ ಮಾತು ಸಾಲದು, ನಿಜವಾದ ಉತ್ತರ ಬೇಕು.

ಮಾರ್ಚ್ 6

ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತಳಾದವಳು ನಾನು. ಮೆಂಡೆಲನ ಬಟಾಣಿ ಗಿಡಗಳನ್ನು ಎಷ್ಟೋ ತರಗತಿಗಳಿಗೆ ಬೋರ್ಡಿನ ಮೇಲೆ ಬರೆದು ತೋರಿಸಿದ್ದೇನೆ: ಮೂರು ಎತ್ತರ, ಒಂದು ಕುಳ್ಳು. ಸಕ್ಕರೆ ಕಾಯಿಲೆ ಆ ಲೆಕ್ಕಕ್ಕೆ ಸಿಗುವುದಿಲ್ಲ. ಅದಕ್ಕೆ ಸಂಬಂಧಪಟ್ಟ ಜೀನ್‌ಗಳು ಬಹಳ, ಒಂದೊಂದರ ಪಾಲೂ ಸಣ್ಣದು. ಹೆಚ್ಚು ಬಲದ್ದೆಂದು ಹೆಸರಾದ ಟಿಸಿಎಫ್7ಎಲ್2 ಕೂಡ ಕಾಯಿಲೆಯ ಸಂಭವವನ್ನು ಒಂದಿಷ್ಟು ಏರಿಸುತ್ತದೆ, ಅಷ್ಟೆ. ಅದರ ಸಂಬಂಧ ಗೊತ್ತಾದದ್ದೇ 2006ರಲ್ಲಿ.

ಹಾಗೆಂದು ವಂಶದ ಮಾತು ಸುಳ್ಳೆನ್ನಲಾರೆ. ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೂ ಬರುವ ಸಂಭವ ಬೇರೆ ಒಡಹುಟ್ಟಿದವರಿಗಿಂತ ಹೆಚ್ಚು. ಅಮೆರಿಕದ ತಳಿವಿಜ್ಞಾನಿ ಜೇಮ್ಸ್ ನೀಲ್ 1962ರಲ್ಲಿ ಇದಕ್ಕೊಂದು ಕಾರಣ ಊಹಿಸಿದ: ಬರಗಾಲಗಳನ್ನು ದಾಟಿ ಉಳಿದವರು ಸಿಕ್ಕಿದ್ದನ್ನು ಮೈಯಲ್ಲಿ ಕೂಡಿಡುವ ಜೀನ್ ಇದ್ದವರು, ಹೊಟ್ಟೆ ತುಂಬ ಸಿಗುವ ಕಾಲ ಬಂದಾಗ ಆ ಜೀನ್‌ಗಳೇ ಮುಳುವಾದವು. ಇದ್ದರೂ ಇರಬಹುದು. ಆದರೆ ನಾನು ಚಿಕ್ಕವಳಿದ್ದಾಗ ನಮ್ಮ ಬೀದಿಯಲ್ಲಿ ಈ ಕಾಯಿಲೆಯವರು ಅಪರೂಪ. ಇವತ್ತು ಇಲ್ಲದ ಮನೆ ಅಪರೂಪ. ಜೀನ್‌ಗಳು ಎರಡು ತಲೆಮಾರಿನಲ್ಲಿ ಹೀಗೆ ಬದಲಾಗುವುದಿಲ್ಲ.

ಮಾರ್ಚ್ 9

ಜೀನ್ ಬದಲಾಗದೆ ಕಾಯಿಲೆ ಹೆಚ್ಚಿದ್ದೇಕೆ ಎಂಬುದರ ಉತ್ತರದ ದೊಡ್ಡ ಪಾಲು ನಮ್ಮೂರಿನಲ್ಲೇ, ಮಂಡಿ ಮೊಹಲ್ಲಾದ ಮಿಷನ್ ಆಸ್ಪತ್ರೆಯಲ್ಲಿ ಸಿಕ್ಕಿದ್ದು ಎಂದು ಮಗಳಿಗೆ ಹೇಳಿದೆ. ಹೋಲ್ಡ್ಸ್‌ವರ್ತ್ ಆಸ್ಪತ್ರೆ ಎಂದು ಕಾಗದದ ಮೇಲಿನ ಹೆಸರು. ಅಲ್ಲಿ 1934ರಿಂದಲೂ ಪ್ರತಿ ಹೆರಿಗೆಯಾದಾಗ ಕೂಸಿನ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಸೂಲಗಿತ್ತಿಯ ಕೈಯಲ್ಲಿ, ಮನೆಯ ಕತ್ತಲೆ ಕೋಣೆಯಲ್ಲಿ ಹೆರಿಗೆಯಾಗುತ್ತಿದ್ದ ಕಾಲದಲ್ಲಿ ಯಾರೋ ನರ್ಸಮ್ಮಂದಿರು ಎಡೆಬಿಡದೆ ಟೇಪು ಹಿಡಿದು ಅಳೆದಿದ್ದಾರೆ. ಅವರ ಹೆಸರು ನಾನು ಓದಿದ ಲೇಖನಗಳಲ್ಲಿ ಇಲ್ಲ. ನನಗೆ ಅವರ ಮೇಲೆ ತುಂಬ ಗೌರವ.

ಇಂಗ್ಲೆಂಡಿನ ಹರ್ಟ್‌ಫರ್ಡ್‌ಷೈರಿನ ಇಂಥದೇ ಹಳೆಯ ಪುಸ್ತಕಗಳಿಂದ ಡೇವಿಡ್ ಬಾರ್ಕರ್ ಎಂಬ ವೈದ್ಯ ಒಂದು ಸಂಗತಿ ಹೊರತೆಗೆದಿದ್ದ: ಹುಟ್ಟುವಾಗ ಸಣ್ಣಗಿದ್ದವರು ದೊಡ್ಡವರಾದ ಮೇಲೆ ಹೃದಯದ ಕಾಯಿಲೆಯಿಂದ ಸಾಯುವುದು ಹೆಚ್ಚು. ಆಮೇಲೆ ಸಂಶೋಧಕರು ಮೈಸೂರಿಗೆ ಬಂದು, ಮಿಷನ್ ಆಸ್ಪತ್ರೆಯಲ್ಲಿ 1934ರಿಂದ 1954ರ ನಡುವೆ ಹುಟ್ಟಿ ಇನ್ನೂ ಸುತ್ತಮುತ್ತಲೇ ಇದ್ದ 517 ಜನರನ್ನು ಹುಡುಕಿ ಪರೀಕ್ಷಿಸಿದರು. 1996ರಲ್ಲಿ ಅದು ಪ್ರಕಟವಾಯಿತು. ಹುಟ್ಟುವಾಗ ಎರಡೂವರೆ ಕೆಜಿ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ಕಾಯಿಲೆ, 3.1 ಕೆಜಿಗಿಂತ ಹೆಚ್ಚು ತೂಗಿದವರಲ್ಲಿ ನೂರಕ್ಕೆ 3. ಕೂಸೂ ಸಣ್ಣ, ಹೆತ್ತ ತಾಯಿಯೂ ನರಪೇತಲ ಎಂಬಲ್ಲಿ ಕಾಯಿಲೆ ಎಲ್ಲಕ್ಕಿಂತ ಹೆಚ್ಚು.

ಇದು ಹೃದಯದ ಮಾತಾಯಿತು. ಸಕ್ಕರೆ ಕಾಯಿಲೆಗೆ ಪುಣೆಯ ಸಂಶೋಧಕ ಯಾಜ್ಞಿಕ್ ಅವರು ಕಂಡದ್ದನ್ನೂ ಸೇರಿಸಿ ಓದಬೇಕು. ಅಲ್ಲಿಯ ಹಳ್ಳಿಗಳ ಕೂಸುಗಳ ಸರಾಸರಿ ತೂಕ 2.7 ಕೆಜಿ, ಇಂಗ್ಲೆಂಡಿನ ಕೂಸುಗಳದು 3.5. ಆದರೆ ನಮ್ಮ ಕೂಸಿನಲ್ಲಿ ಕಡಿಮೆಯಾಗಿರುವುದು ಮಾಂಸಖಂಡ. ಕೊಬ್ಬು ಅಷ್ಟೊಂದು ಕಡಿಮೆಯಾಗಿಲ್ಲ. ಬಸಿರಿನಲ್ಲಿ ಪೋಷಣೆ ಸಾಲದಾದಾಗ ಮಗುವಿನ ಮೈ ಮಿದುಳನ್ನು ಮೊದಲು ಕಾಪಾಡಿ ಮೇದೋಜೀರಕವನ್ನೂ ಸ್ನಾಯುಗಳನ್ನೂ ಹಿಂದೆ ಹಾಕುತ್ತದೆ ಎಂದು ಬಾರ್ಕರ್ ಮತ್ತು ಅವನ ಜೊತೆಗಾರ ಹೇಲ್ಸ್ 1992ರಲ್ಲೇ ವಾದಿಸಿದ್ದರು. ಅಂಥ ಮೈಗೆ ಮುಂದೆ ಯಥೇಚ್ಛ ಅನ್ನ ಸಿಕ್ಕಿದಾಗ ಇನ್ಸುಲಿನ್ ಸಾಲದಾಗುತ್ತದೆ. ನೀಲ್ ಹೇಳಿದ ಬರಗಾಲ ಎಷ್ಟೋ ಸಾವಿರ ವರ್ಷ ಹಿಂದಿನದು. ಇವರು ಹೇಳುವ ಬರ ತಾಯಿಯ ಹೊಟ್ಟೆಯಲ್ಲಿ, ಆ ಒಂಬತ್ತು ತಿಂಗಳಲ್ಲಿ ನಡೆದದ್ದು.

ಮಾರ್ಚ್ 13

ಎರಡು ದಿನದಿಂದ ಅಮ್ಮನದೇ ಯೋಚನೆ. ನಂಜನಗೂಡಿನ ಕಡೆಯ ಹಳ್ಳಿ, ತುಂಬಿದ ಮನೆ. ಗಂಡಸರಿಗೆ, ಮಕ್ಕಳಿಗೆ, ಅತ್ತೆಗೆ ಬಡಿಸಿ ಮುಗಿಸಿ ಅಮ್ಮ ಊಟಕ್ಕೆ ಕೂರುವ ಹೊತ್ತಿಗೆ ಸೊಪ್ಪಿನ ಪಲ್ಯದ ಪಾತ್ರೆ ಬರಿದಾಗಿರುತ್ತಿತ್ತು. ಅನ್ನ, ತಿಳಿಸಾರು, ನೀರುಮಜ್ಜಿಗೆ. ತವರಿನಲ್ಲಿ ಹುಡುಗಿಯಾಗಿದ್ದಾಗಲೂ ಹಾಲು ತುಪ್ಪ ಅಣ್ಣತಮ್ಮಂದಿರ ಪಾಲಿಗೆ. ಬಸುರಿಯಾದಾಗ ಇನ್ನೂ ಕಡಿತ: ಹೆಚ್ಚು ತಿಂದರೆ ಕೂಸು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ ಎಂದು ಹಿರಿಯರೇ ಕೈ ಹಿಡಿದು ಬಡಿಸುತ್ತಿದ್ದರಂತೆ. ಇದನ್ನು ಅಮ್ಮ ದೂರಾಗಿ ಹೇಳಲಿಲ್ಲ. ಮಳೆಬೆಳೆಯ ವಿಷಯ ಹೇಳಿದ ಹಾಗೆ ಹೇಳಿದಳು.

ಪಾಠ ಮಾಡುವಾಗ ಒಂದು ವಾಕ್ಯದಲ್ಲಿ ಮುಗಿಸಿಬಿಡುತ್ತಿದ್ದ ಸಂಗತಿಯೊಂದು ಈಗ ಮೈ ಜುಮ್ಮೆನಿಸುತ್ತಿದೆ. ಹೆಣ್ಣುಮಗುವಿನ ಅಂಡಾಣುಗಳೆಲ್ಲ ಅದು ತಾಯಿಯ ಹೊಟ್ಟೆಯಲ್ಲಿರುವಾಗಲೇ ರೂಪುಗೊಳ್ಳುತ್ತವೆ. ಐದನೆಯ ತಿಂಗಳ ಹೊತ್ತಿಗೆ ಅರವತ್ತು ಎಪ್ಪತ್ತು ಲಕ್ಷ. ಆಮೇಲೆ ಕಡಿಮೆಯಾಗುತ್ತ ಹೋಗುತ್ತವೆ. ಅಂದರೆ ಇವತ್ತು ಮಗಳ ಹೊಟ್ಟೆಯಲ್ಲಿ ಒದೆಯುತ್ತಿರುವ ಕೂಸಿನ ಅರ್ಧ, ನಾನು ಇವಳನ್ನು ಹೊತ್ತಾಗಲೇ ನನ್ನೊಳಗಿತ್ತು. ನನ್ನ ಮಗಳ ಅರ್ಧ ನನ್ನಮ್ಮನ ಬಸಿರಿನಲ್ಲಿ, ಆ ತಿಳಿಸಾರು ಅನ್ನದಲ್ಲಿ ಬೆಳೆಯಿತು. ದೊಡ್ಡಮ್ಮ "ವಂಶ" ಎನ್ನುವಾಗ ಅವರ ಮನಸ್ಸಿನಲ್ಲಿರುವುದು ರಕ್ತ. ಆದರೆ ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ನನಗೆ ರಕ್ತದ ಜೊತೆಗೆ ಇನ್ನೊಂದೂ ಇಳಿದು ಬಂದಿದೆ: ಕೊನೆಗೆ ಉಣ್ಣುವ ಪದ್ಧತಿ. ಕಾಯಿಲೆಯಲ್ಲಿ ಯಾವುದರ ಪಾಲು ಎಷ್ಟು ಎಂದು ಬಿಡಿಸಿ ಹೇಳಲು ಬಾರದು. ಎರಡರಲ್ಲಿ ನಮ್ಮ ಕೈಯಲ್ಲಿರುವುದು ಯಾವುದು ಎಂದು ಮಾತ್ರ ಖಚಿತವಾಗಿ ಗೊತ್ತು.

ಮಾರ್ಚ್ 19

ಊಟವಾಗಿ ಎರಡು ಗಂಟೆಗೆ 114. 120ರೊಳಗೆ ಇರಬೇಕಿತ್ತು, ಇದೆ. ಔಷಧಿ ಸದ್ಯಕ್ಕೆ ಬೇಡ. ಬೆಳಿಗ್ಗೆ ಮಗಳು ನಡೆದುಬಂದು ರಾಗಿ ರೊಟ್ಟಿ ತಿನ್ನುತ್ತಾಳೆ. ಮಧ್ಯಾಹ್ನ ಅನ್ನ ಕಡಿಮೆ, ಕಾಳು, ದಂಟಿನ ಸೊಪ್ಪಿನ ಬಸ್ಸಾರು. ಕೂಸಿಗೂ ಬರುತ್ತಾ ಎಂಬ ಅವಳ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ.

ಆದರೆ ಇವಳೇ ಇನ್ನೊಂದು ಮಾತು ತೆಗೆದಳು: "ಎಲ್ಲ ಹೊಟ್ಟೆಯಲ್ಲೇ ತೀರ್ಮಾನವಾಗುತ್ತೆ ಅಂದ್ರೆ, ಎಲ್ಲ ತಪ್ಪೂ ಅಮ್ಮಂದಿರದ್ದೇ ಅಂತಾಯ್ತಲ್ಲ?" ಖಂಡಿತ ಇಲ್ಲ. ನನ್ನಮ್ಮ ತನ್ನ ತಟ್ಟೆಗೆ ಏನು ಬೀಳಬೇಕೆಂದು ತಾನೇ ತೀರ್ಮಾನಿಸಿದವಳಲ್ಲ. ತೀರ್ಮಾನಿಸಿದ್ದು ಮನೆ, ಊರು. 2017ರ ಅಕ್ಟೋಬರ್ 2ರಂದು ನಮ್ಮ ರಾಜ್ಯದಲ್ಲಿ ಮಾತೃಪೂರ್ಣ ಯೋಜನೆ ಆರಂಭವಾದಾಗ ಬಸುರಿ ಬಾಣಂತಿಯರು ಅಂಗನವಾಡಿಗೇ ಬಂದು ಬಿಸಿಯೂಟ ಮಾಡಬೇಕೆಂದು ಇಟ್ಟಿದ್ದರು. ತುಂಬಿದ ಹೊಟ್ಟೆ ಹೊತ್ತು ನಡೆದು ಹೋಗುವುದು ಕಷ್ಟ ಎಂಬ ದೂರು ನ್ಯಾಯವೇ. ಆದರೂ ಮನೆಗೆ ಕೊಟ್ಟ ದಿನಸಿ ಎಲ್ಲರ ಪಾಲಾಗುತ್ತದೆ, ಅಲ್ಲಿ ಕೂತು ಉಂಡದ್ದು ಅವಳ ಹೊಟ್ಟೆಗೇ ಸೇರುತ್ತದೆ ಎಂದು ತಿಳಿದವರು ಯಾರೋ ಅದನ್ನು ಯೋಚಿಸಿದ್ದಾರೆ.

ಸೊಪ್ಪಿನ ಮಾತು ಬಂದಾಗ ಇದನ್ನೂ ಹೇಳಿದೆ. ಇದೇ ಮಿಷನ್ ಆಸ್ಪತ್ರೆಯಲ್ಲಿ 1997–98ರಲ್ಲಿ ಬಸುರಿಯರಾಗಿದ್ದವರ ಮಕ್ಕಳನ್ನು ಒಂಬತ್ತು ಹತ್ತು ವರ್ಷಕ್ಕೆ ಪರೀಕ್ಷಿಸಿದಾಗ, ಬಸಿರಿನಲ್ಲಿ ತಾಯಿಯ ರಕ್ತದಲ್ಲಿ ಸೊಪ್ಪಿನಿಂದ ಸಿಗುವ ಫೋಲೇಟ್ ಹೆಚ್ಚಿದ್ದ ಮಕ್ಕಳು ಕಲಿಕೆ, ನೆನಪಿನಂಥ ಪರೀಕ್ಷೆಗಳಲ್ಲಿ ಒಂದು ಹೆಜ್ಜೆ ಮುಂದಿದ್ದರು. ಮನೆಯ ಸ್ಥಿತಿಗತಿ, ತಾಯಿತಂದೆಯರ ಓದು ಎಲ್ಲ ಲೆಕ್ಕ ಹಿಡಿದ ಮೇಲೂ ಆ ಅಂತರ ಉಳಿಯಿತು. ಜಾಣತನವನ್ನು ಹುಟ್ಟುಗುಣ ಎನ್ನುವವರು ಇದನ್ನು ಓದಬೇಕು.

ಮಾರ್ಚ್ 30, ಯುಗಾದಿ

ಮಗಳಿಗೆ ಅರ್ಧ ಒಬ್ಬಟ್ಟು, ಅದೂ ಕೋಸಂಬರಿ ತಿಂದ ಮೇಲೆ. ದೊಡ್ಡಮ್ಮನೇ ಎಣಿಸಿ ಬಡಿಸಿದರು. 114ರ ಸುದ್ದಿ ಅವರಿಗೂ ತಲುಪಿದೆ.

ಮುಂಬಯಿಯ ಬಸ್ತಿಗಳಲ್ಲಿ ನಡೆದ ಪ್ರಯೋಗವೊಂದು ತಲೆಯಿಂದ ಹೋಗುತ್ತಿಲ್ಲ. ಸೊಪ್ಪು, ಹಣ್ಣು, ಹಾಲು ಬೆರೆಸಿದ ತಿಂಡಿಯನ್ನು ಹೆಂಗಸರಿಗೆ ಬಸಿರಿಗೆ ಮೊದಲಿನಿಂದಲೇ ದಿನವೂ ಕೊಟ್ಟರು. ಬಸಿರಿನ ಸಕ್ಕರೆ ಕಾಯಿಲೆ ಹೋಲಿಕೆಯ ಗುಂಪಿನಲ್ಲಿ ನೂರಕ್ಕೆ 12.4 ಇದ್ದರೆ ಇವರಲ್ಲಿ 7.3 ಮಾತ್ರ. ಕೂಸಿನ ತೂಕದಲ್ಲಿ ಒಟ್ಟಾರೆ ಹೇಳಿಕೊಳ್ಳುವಂಥ ಏರಿಕೆಯಿಲ್ಲ. ಬಸಿರಿಗೆ ಮೂರು ತಿಂಗಳು ಮೊದಲೇ ತಿನ್ನಲು ಶುರುಮಾಡಿದವರ ಕೂಸುಗಳು ಮಾತ್ರ ತುಸು ತೂಕ ಬಂದವು. ಐದನೆಯ ತಿಂಗಳಲ್ಲಿ ಬಯಕೆ ತೀರಿಸಿ, ಏಳರಲ್ಲಿ ಸೀಮಂತ ಮಾಡಿ ಬಾಳೆಲೆ ತುಂಬ ಬಡಿಸುವ ನಮ್ಮ ಅಕ್ಕರೆ ತಡವಾಗಿ ಬರುತ್ತದೆ. ಹುಡುಗಿ ಹುಡುಗಿಯಾಗಿರುವಾಗಲೇ ಉಣಿಸಬೇಕು.

ಮನೆಗೆಲಸಕ್ಕೆ ಬರುವಾಕೆಯ ಮಗಳು ಒಂಬತ್ತನೆಯ ಕ್ಲಾಸು, ಸಂಜೆ ನನ್ನ ಹತ್ತಿರ ವಿಜ್ಞಾನ ಹೇಳಿಸಿಕೊಳ್ಳುತ್ತಾಳೆ. ಕಣ್ಣಿನ ರೆಪ್ಪೆಯ ಒಳಗೆ ಕೆಂಪೇ ಇಲ್ಲ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ನೀಲಿ ಮಾತ್ರೆ ಏನು ಮಾಡುತ್ತೀ ಎಂದರೆ, "ಹೊಟ್ಟೆ ತೊಳಸುತ್ತೆ ಟೀಚರ್, ಬಿಸಾಕ್ತೀನಿ" ಎಂದಳು. ಬೆಳಿಗ್ಗೆ ಏನೂ ತಿನ್ನದೆ ಹೋಗುತ್ತಾಳೆ. ಮನೆಯಲ್ಲಿ ಮಾಡಿದ ಮೊಟ್ಟೆ ತಮ್ಮನಿಗೆ. ಅವಳ ತಾಯಿಯನ್ನು ಕೂರಿಸಿಕೊಂಡು ಮಾತಾಡಿದೆ. ಈ ವಾರ ರಕ್ತ ಪರೀಕ್ಷೆ ಮಾಡಿಸುವುದು, ಮಾತ್ರೆಯನ್ನು ಶಾಲೆಯ ಊಟವಾದ ಮೇಲೇ ನುಂಗುವುದು, ಸಂಜೆ ಇಲ್ಲಿ ಪಾಠಕ್ಕೆ ಮೊದಲು ಊಟ ಎಂದು ತೀರ್ಮಾನವಾಯಿತು. ಮೊಟ್ಟೆಯ ವಿಷಯದಲ್ಲಿ ಆಕೆ ಇನ್ನೂ ಒಪ್ಪಿಲ್ಲ. "ಅವನು ಗಂಡುಹುಡುಗ, ಬೆಳೆಯೋ ವಯಸ್ಸು" ಎನ್ನುತ್ತಾಳೆ. ಇವಳಿಗೂ ಅದೇ ವಯಸ್ಸು ಎಂದೆ. ನಾಳೆ ಮತ್ತೆ ಹೇಳುತ್ತೇನೆ.