ಈ ರುಜು ಯಾರದು?

ಮೇಷ್ಟ್ರ ಕೆಲಸದಲ್ಲಿ ತಲೆ ನರೆತವರಿಗೆ ಯಾವ ಬಿ.ಎಡ್. ಕಾಲೇಜಿನಲ್ಲೂ ಹೇಳಿಕೊಡದ ಒಂದು ವಿದ್ಯೆ ತಾನಾಗಿ ಒಲಿದುಬಿಡುತ್ತದೆ. ಪ್ರೋಗ್ರೆಸ್ ಕಾರ್ಡಿನಲ್ಲಿ ‘ಪೋಷಕರ ಸಹಿ’ ಎಂಬ ಜಾಗದಲ್ಲಿರುವ ರುಜು ಅಪ್ಪನದೋ, ಸುಪುತ್ರನದೋ ಎಂದು ನೋಡಿದೊಡನೆ ಹೇಳುವ ವಿದ್ಯೆ ಅದು. ಇದರಲ್ಲಿ ಮಾಯ ಮಂತ್ರವೇನೂ ಇಲ್ಲ. ಹುಡುಗ ಹಾಕಿದ ಸಹಿ ಅಪ್ಪನ ಸಹಿಗಿಂತ ಅಚ್ಚುಕಟ್ಟಾಗಿರುತ್ತದೆ, ಅಷ್ಟೆ. ನಿಜವಾದ ಅಪ್ಪ ಫ್ಯಾಕ್ಟರಿ ಬಸ್ಸಿಗೆ ಹೊತ್ತಾಯಿತೆಂದು ಬಾಗಿಲಲ್ಲೇ ನಿಂತು, ಕಾರ್ಡನ್ನು ಗೋಡೆಗೆ ಆನಿಸಿ ಗೀಚಿರುತ್ತಾನೆ. ಅವನ ಎರಡು ಸಹಿಗಳ ನಡುವೆ ಅಣ್ಣತಮ್ಮಂದಿರಷ್ಟು ಹೋಲಿಕೆ ಇರುತ್ತದೆಯೇ ಹೊರತು ಅಚ್ಚಿನಲ್ಲಿ ತೆಗೆದ ಹೋಲಿಕೆ ಇರುವುದಿಲ್ಲ. ಮಗನೋ ಹಾಸಿಗೆಯ ಮೇಲೆ ಕೂತು, ನಾಲಿಗೆ ಕಚ್ಚಿಕೊಂಡು, ಹಳೆಯ ಸಹಿಯನ್ನು ನೋಡಿ ನೋಡಿ ‘ಚಿತ್ರ’ ಬಿಡಿಸಿರುತ್ತಾನೆ.

ಕೆಲವು ವರ್ಷಗಳ ಹಿಂದೆ ಈ ಅಲ್ಪವಿದ್ಯೆಗೆ ಬೇರೊಂದು ಕೆಲಸ ಬಂತು. ನಮ್ಮ ಚಂದಾಪುರ ಹೊಸೂರು ರಸ್ತೆಯಿಂದ ಆನೇಕಲ್ಲಿನ ಕಡೆಗೆ ತಿರುಗುವಲ್ಲಿರುವ ಊರು. ಬೊಮ್ಮಸಂದ್ರದ ಕಾರ್ಖಾನೆಗಳನ್ನು ನಂಬಿ ನಾನಾ ಜಿಲ್ಲೆಗಳ ಜನ ಇಲ್ಲಿ ಬಾಡಿಗೆಗೆ ಬಂದು ನೆಲೆಸಿದ್ದಾರೆ. ಬರುವಾಗ ತಾತನ ಕಾಲದ ಟ್ರಂಕನ್ನೂ ತಂದಿರುತ್ತಾರೆ. ಮೈಸೂರು ಕಡೆಯ ಅಂಥ ಒಂದು ಮನೆಯ ಹುಡುಗ, ಒಂಬತ್ತನೆಯ ತರಗತಿಯವನು, ಒಂದು ಪುಟ್ಟ ನೋಟ್‌ಬುಕ್ ತಂದು ನನ್ನ ಮೇಜಿನ ಮೇಲಿಟ್ಟ. ಮಿಲ್ಲಿನಲ್ಲಿ ಕೆಲಸ ಮಾಡುತ್ತಿದ್ದ ಅವನ ತಾತನ ಮನೆಖರ್ಚಿನ ಪುಸ್ತಕ ಅದು. ನಡುವಿನ ಒಂದು ಪುಟದಲ್ಲಿ ನೀಲಿ ಮಸಿಯಲ್ಲಿ ‘ಹಿರಣ್ಣಯ್ಯ’ ಎಂಬ ರುಜು. ಕೆಳಗೆ ತಾತನ ಪೆನ್ಸಿಲ್ ಬರಹದಲ್ಲಿ ‘1951’. ‘ಲಂಚಾವತಾರ’ದ ಮಾಸ್ಟರ್ ಹಿರಣ್ಣಯ್ಯನವರ ಆಟೋಗ್ರಾಫ್ ಎಂದು ಮನೆಯವರೆಲ್ಲ ಅದನ್ನು ದೇವರ ಪಟದಷ್ಟೇ ಜೋಪಾನವಾಗಿ ಇಟ್ಟಿದ್ದರು. ಅಪ್ಪ ಹಣದ ಅಡಚಣೆಯಲ್ಲಿ ಅದನ್ನು ಹಳೆಯ ವಸ್ತುಗಳ ವ್ಯಾಪಾರಿಯೊಬ್ಬರಿಗೆ ತೋರಿಸಿದಾಗ, ಆತ ಮಾಸ್ಟರ್ ಹಿರಣ್ಣಯ್ಯನವರ ಬೇರೊಂದು ಸಹಿಯ ಪಕ್ಕದಲ್ಲಿಟ್ಟು ನೋಡಿ, “ನಕಲಿ. ಯಾರೋ ಬರೆದದ್ದು” ಎಂದು ಹಿಂದಿರುಗಿಸಿದ್ದರಂತೆ.

ಹುಡುಗನಿಗೆ ಹಣದ ಚಿಂತೆಯಿರಲಿಲ್ಲ. ಅವನು ಕೇಳಿದ್ದು ಒಂದೇ ಮಾತು: “ಹಾಗಾದ್ರೆ ನಮ್ ತಾತ ಸುಳ್ಳು ಹೇಳ್ತಿದ್ರಾ ಸಾರ್?”

ಈ ಪ್ರಶ್ನೆಗೆ ಸುಮ್ಮನೆ ಬೆನ್ನು ತಟ್ಟಿ ಉತ್ತರ ಕೊಡುವಂತಿರಲಿಲ್ಲ. “ಬಿಡೋ, ತಾತ ಸುಳ್ಳು ಹೇಳ್ತಾರಾ” ಎಂದರೆ ಅದು ವಿಜ್ಞಾನದ ಮೇಷ್ಟ್ರ ಮಾತಾಗುವುದಿಲ್ಲ. “ಹೂಂ ಕಣೋ, ನಕಲಿಯೇ” ಎನ್ನಲು ನನ್ನ ಬಳಿಯೂ ಆಧಾರವಿರಲಿಲ್ಲ. “ನೋಡೋಣ, ಪುಸ್ತಕ ಒಂದೆರಡು ದಿನ ಇಲ್ಲಿರಲಿ” ಎಂದೆ.

ಇಂಥ ಪರೀಕ್ಷೆಯಲ್ಲಿ ಸಹಿಯನ್ನು ನೋಡುವ ಮೊದಲು ಕಾಲವನ್ನು ನೋಡಬೇಕು. ಕಾಲಕ್ಕೆ ಹೊಂದದ ವಸ್ತು ಎಷ್ಟೇ ಚೆನ್ನಾಗಿದ್ದರೂ ಸುಳ್ಳೇ. ಕೆಲವು ಉದಾಹರಣೆ ಕೊಡುತ್ತೇನೆ. ಮೈಸೂರಿನ ರಂಗಭೂಮಿಯ ಹೆಸರಾಂತ ನಟ ಎ.ವಿ. ವರದಾಚಾರ್ಯರು ತೀರಿಕೊಂಡದ್ದು 1926ರಲ್ಲಿ. ಬಾಲ್‌ಪೆನ್ನು ಅಮೆರಿಕದ ಅಂಗಡಿಗೆ ಬಂದದ್ದೇ 1945ರಲ್ಲಿ. ಆದ್ದರಿಂದ ಬಾಲ್‌ಪೆನ್ನಿನ ವರದಾಚಾರ್ಯರನ್ನು ನಂಬುವ ಹಾಗಿಲ್ಲ. ನಮ್ಮ ದೇಶದಲ್ಲಿ ಪಿನ್ ಕೋಡ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಗುಬ್ಬಿ ವೀರಣ್ಣನವರು ಕಣ್ಮುಚ್ಚಿದ್ದು ಅದೇ ವರ್ಷ. ಪಿನ್ ಕೋಡ್ ಅಚ್ಚಾದ ಕಾಗದದ ಮೇಲೆ ವೀರಣ್ಣನವರ ರುಜು ಕಂಡರೆ ಎರಡು ಬಾರಿ ಯೋಚಿಸಬೇಕು. ಗುಬ್ಬಿ ಕಂಪನಿಯಲ್ಲಿ ಪಳಗಿದ ಮುತ್ತುರಾಜ್ ಎಂಬ ಯುವಕ ‘ರಾಜ್‌ಕುಮಾರ್’ ಆದದ್ದು 1954ರ ‘ಬೇಡರ ಕಣ್ಣಪ್ಪ’ ಚಿತ್ರದಿಂದ. ಮೈಸೂರು ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟದ್ದು 1976ರಲ್ಲಿ. 1950ರ ನಾಟಕದ ಹ್ಯಾಂಡ್‌ಬಿಲ್ಲಿನ ಮೇಲೆ ‘ಡಾ. ರಾಜ್‌ಕುಮಾರ್’ ಎಂಬ ಸಹಿ ಇದ್ದರೆ, ಒಂದೋ ಅದನ್ನು ಎಷ್ಟೋ ವರ್ಷಗಳ ನಂತರ ಹಾಕಿಸಿಕೊಂಡಿರಬೇಕು, ಇಲ್ಲವೇ ಯಾರೋ ಹಾಕಿರಬೇಕು.

ಕಾಲದ ನಂತರ ಕಾಗದ. ಅಂಗಡಿಯವರು ಖೋಟಾನೋಟು ಪತ್ತೆ ಮಾಡಲು ಇಟ್ಟುಕೊಳ್ಳುವ ನೇರಳೆ ದೀಪವನ್ನು ಮಕ್ಕಳು ನೋಡಿರುತ್ತೀರಿ. ಕಾಗದ ಬೆಳ್ಳಗೆ ಕಾಣಲೆಂದು ಕಾರ್ಖಾನೆಗಳಲ್ಲಿ ಬೆರೆಸುವ ಒಂದು ರಾಸಾಯನಿಕ ಆ ದೀಪದ ಅತಿನೇರಳೆ ಕಿರಣ ಬಿದ್ದಾಗ ನೀಲಿಯಾಗಿ ಹೊಳೆಯುತ್ತದೆ. ಎರಡನೆಯ ಮಹಾಯುದ್ಧದ ನಂತರವಷ್ಟೇ ಈ ಪದ್ಧತಿ ಹರಡಿತು. ಹಾಗಾಗಿ 1930ರದೆಂದು ಹೇಳುವ ಕಾಗದ ದೀಪದ ಕೆಳಗೆ ಫಳಫಳ ಹೊಳೆದರೆ ಅದರ ವಯಸ್ಸು ಸುಳ್ಳು. ಹೊಳೆಯದಿದ್ದರೆ ಸಹಿ ನಿಜವೆಂದು ಮಾತ್ರ ತಿಳಿಯಬೇಡಿ. ಹಳೆಯ ಪುಸ್ತಕದ ಖಾಲಿ ಹಾಳೆಯನ್ನು ಯಾರು ಬೇಕಾದರೂ ಹರಿದುಕೊಳ್ಳಬಹುದು.

ಕೊನೆಗೆ ಗೆರೆ. ಭೂತಗನ್ನಡಿ ಹಿಡಿದರೆ ಅಚ್ಚಿನ ಸಹಿ ಸಾಮಾನ್ಯವಾಗಿ ಸಣ್ಣ ಸಣ್ಣ ಚುಕ್ಕೆಗಳಾಗಿ ಒಡೆಯುತ್ತದೆ. ಪೆನ್ನಿನ ಗೆರೆ ಒಡೆಯುವುದಿಲ್ಲ. ಕೋಣೆ ಕತ್ತಲು ಮಾಡಿ ಟಾರ್ಚನ್ನು ಕಾಗದದ ಮಟ್ಟಕ್ಕೆ ಓರೆಯಾಗಿ ಹಿಡಿದರೆ ನಿಬ್ಬು ಒತ್ತಿದ ತಗ್ಗುಗಳು ನೇಗಿಲ ಸಾಲಿನಂತೆ ಕಾಣುತ್ತವೆ. ಕನ್ನಡದ ಸಹಿಯಲ್ಲಿ ಒತ್ತಕ್ಷರಗಳನ್ನು ನೋಡುವುದು ಲೇಸು. ‘ಹಿರಣ್ಣಯ್ಯ’ ಎಂಬಲ್ಲಿ ಎರಡು ಒತ್ತುಗಳಿವೆ. ದಿನಕ್ಕೆ ಹತ್ತು ಸಲ ಅದನ್ನು ಬರೆಯುವವರ ಕೈ ಒತ್ತನ್ನು ಯಾವಾಗ ಹಾಕಬೇಕು, ಎಲ್ಲಿ ತೇಲಿಸಬೇಕು ಎಂಬುದನ್ನು ತನ್ನದೇ ರೀತಿಯಲ್ಲಿ ರೂಢಿಸಿಕೊಂಡಿರುತ್ತದೆ. ನಕಲು ಮಾಡುವವನು ಆಕಾರವನ್ನು ಹಿಡಿದಾನು, ಓಟವನ್ನು ಹಿಡಿಯುವುದು ಕಷ್ಟ. ಎಲ್ಲಿ ಮುಂದೇನೆಂದು ಅನುಮಾನಿಸಿದನೋ ಅಲ್ಲಿ ಪೆನ್ನು ನಿಂತು ಮಸಿ ಗುಡ್ಡೆಯಾಗಿರುತ್ತದೆ.

ಆದರೆ ನಿಂತ ಗೆರೆಯೆಲ್ಲ ಖೋಟಾ ಎನ್ನುವಂತಿಲ್ಲ. ನಮ್ಮ ಕಂಪನಿ ನಾಟಕಗಳ ಕಲಾವಿದರಲ್ಲಿ ಎಷ್ಟೋ ಜನ ಹೆಚ್ಚು ಶಾಲೆ ಕಂಡವರಲ್ಲ. ಪುಟಗಟ್ಟಲೆ ಮಾತುಗಳನ್ನು ಕಿವಿಯಿಂದಲೇ ಕಲಿತವರು. ಅಂಥವರು ಅಕ್ಷರಕ್ಕೆ ಅಕ್ಷರ ಜೋಡಿಸಿ ನಿಧಾನವಾಗಿ ಹೆಸರು ಬರೆದರೆ ಆ ನಿಧಾನವೇ ಅಸಲಿಯ ಗುರುತು. ಮುಪ್ಪಿನಲ್ಲಿ ಕೈ ನಡುಗುವುದೂ ಉಂಟು. ಆದ್ದರಿಂದ ಒಬ್ಬರ ಇಪ್ಪತ್ತೈದರ ಸಹಿಯನ್ನು ಅವರದೇ ಎಪ್ಪತ್ತೈದರ ಸಹಿಯ ಜೊತೆ ತೂಗಬಾರದು. ಹೋಲಿಸುವುದಾದರೆ ಆ ವ್ಯಕ್ತಿಯದೇ, ಆ ಕಾಲದ್ದೇ, ಒಂದಲ್ಲ ಹಲವು ಸಹಿಗಳು ಬೇಕು. ಎರಡು ಸಹಿಗಳು ಕಿಟಕಿಯ ಗಾಜಿನ ಮೇಲೆ ಒಂದರ ಮೇಲೊಂದು ಕೂದಲೆಳೆಯಷ್ಟೂ ಆಚೀಚೆಯಾಗದೆ ಕೂತರೆ ಒಂದು ಇನ್ನೊಂದರ ಪಡಿಯಚ್ಚು ಎಂದೇ ತಿಳಿಯಿರಿ.

ಜಗತ್ತಿನ ಅತಿ ದೊಡ್ಡ ನಾಟಕಕಾರನೂ ಒಬ್ಬ ರಂಗನಟನೇ ಆಗಿದ್ದ. ಷೇಕ್ಸ್‌ಪಿಯರನದೆಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುವ ಸಹಿಗಳು ಕೇವಲ ಆರು: 1612ರ ಒಂದು ನ್ಯಾಯಾಲಯದ ಹೇಳಿಕೆಯಲ್ಲಿ ಒಂದು, 1613ರ ಮನೆ ಖರೀದಿ ಪತ್ರಗಳಲ್ಲಿ ಎರಡು, 1616ರ ಉಯಿಲಿನಲ್ಲಿ ಮೂರು. ಆರೂ ಒಂದೇ ತೆರನಾಗಿಲ್ಲ. ಕಾಗುಣಿತ ಕೂಡ ಬೇರೆ ಬೇರೆ. ನಾವು ಇಂದು ಇಂಗ್ಲಿಷ್ ಪುಸ್ತಕದ ಮೇಲೆ ಕಾಣುವ ಕಾಗುಣಿತವಂತೂ ಒಂದರಲ್ಲೂ ಇಲ್ಲ.

ಅವನ ಸಹಿಗಾಗಿ ಹಂಬಲಿಸುತ್ತಿದ್ದವರಲ್ಲಿ ಲಂಡನ್ನಿನ ಸ್ಯಾಮ್ಯುಯಲ್ ಐರ್ಲೆಂಡ್ ಎಂಬಾತ ಒಬ್ಬ. ಮಗ ವಿಲಿಯಂ ಹೆನ್ರಿ ಅಪ್ಪನ ಕಣ್ಣಿಗೆ ದಡ್ಡ. 1794ರಲ್ಲಿ, ಇನ್ನೂ ಇಪ್ಪತ್ತು ತುಂಬದ ಈ ಹುಡುಗ ಷೇಕ್ಸ್‌ಪಿಯರನ ಸಹಿಯಿರುವ ಒಂದು ಪತ್ರವನ್ನು ತಂದು ಅಪ್ಪನ ಕೈಗಿಟ್ಟ. ಬರೆದವನು ತಾನೇ. ಹಳೆಯ ಪುಸ್ತಕಗಳ ಖಾಲಿ ಹಾಳೆ ಕತ್ತರಿಸಿ, ಬಗೆಬಗೆಯ ಮಸಿ ಬೆರೆಸಿ, ಬರೆದದ್ದನ್ನು ಬೆಂಕಿಯ ಮುಂದೆ ಹಿಡಿದು ಕಂದು ಬಣ್ಣ ತರಿಸುತ್ತಿದ್ದ. ಅಪ್ಪನಿಗೆ ಹಿಗ್ಗೋ ಹಿಗ್ಗು. ಇನ್ನಷ್ಟು ತಾ ಎಂದ. ಮಗ ಇನ್ನಷ್ಟು ತಂದ. ಕಡೆಗೆ ಷೇಕ್ಸ್‌ಪಿಯರನದೆಂದು ಒಂದಿಡೀ ನಾಟಕವನ್ನೇ ಬರೆದು ತಂದ. 1796ರಲ್ಲಿ ಡ್ರೂರಿ ಲೇನ್ ರಂಗಮಂದಿರದಲ್ಲಿ ಅದು ನಡೆದಾಗ ಪ್ರೇಕ್ಷಕರು ನಕ್ಕುಬಿಟ್ಟರು. ಅದೇ ವರ್ಷ ಎಡ್ಮಂಡ್ ಮಲೋನ್ ಎಂಬ ವಿದ್ವಾಂಸ ಆ ಪತ್ರಗಳು ಹೇಗೆ ಸುಳ್ಳೆಂದು ನಾನೂರಕ್ಕೂ ಹೆಚ್ಚು ಪುಟಗಳಲ್ಲಿ ಬಿಡಿಸಿ ತೋರಿಸಿದ. ಮಗ ತಪ್ಪೊಪ್ಪಿಕೊಂಡ. ಅಪ್ಪ ಮಾತ್ರ ನಂಬಲಿಲ್ಲ. ಆ ಕಾಗದಗಳು ಖೋಟಾ ಎಂಬುದಕ್ಕಿಂತಲೂ ತನ್ನ ಮಗನಿಗೆ ಅಷ್ಟು ಬುದ್ಧಿ ಇತ್ತೆಂಬುದೇ ಅವನಿಗೆ ನಂಬಲಾಗದ ಸಂಗತಿಯಾಗಿತ್ತು! 1800ರಲ್ಲಿ ಸಾಯುವವರೆಗೂ ಅವನ ಹಟ ಬಿಡಲಿಲ್ಲ.

ತಂದೆತಾಯಂದಿರು ಈ ಕಥೆಯನ್ನು ಸ್ವಲ್ಪ ನಿಧಾನವಾಗಿ ಓದಬೇಕು. ನಮಗೆ ಬೇಕಾದದ್ದನ್ನು ತಂದಾಗ ಮಾತ್ರ ನಾವು ಮಕ್ಕಳತ್ತ ತಿರುಗಿ ನೋಡುವುದಾದರೆ, ಅವರು ಅದನ್ನು ಹೇಗಾದರೂ ತಂದೇ ತರುತ್ತಾರೆ. ತೊಂಬತ್ತಕ್ಕಿಂತ ಕಡಿಮೆ ಅಂಕ ತಂದರೆ ಮನೆಗೆ ಬರಬೇಡ ಎಂದು ಗದರಿಸುವ ಮನೆಗಳಿಂದಲೇ ನನ್ನ ಮೇಜಿಗೆ ಅತಿ ಅಚ್ಚುಕಟ್ಟಾದ ‘ಪೋಷಕರ ಸಹಿ’ಗಳು ಬಂದಿವೆ. ಸ್ಯಾಮ್ಯುಯಲ್ ಐರ್ಲೆಂಡನ ಮನೆಯಲ್ಲಿ ಭೂತಗನ್ನಡಿ ಇರಲಿಲ್ಲವೆಂದಲ್ಲ. ಅವನು ಪರೀಕ್ಷಿಸದೆ ಬಿಟ್ಟದ್ದು ತನ್ನ ಆಸೆಯನ್ನು.

ಈಗ ನಮ್ಮ ಹುಡುಗನ ನೋಟ್‌ಬುಕ್ಕಿಗೆ ಬರೋಣ. ಆ ಪುಟದ ಲೆಕ್ಕವೆಲ್ಲ ರೂಪಾಯಿ, ಆಣೆ, ಪೈಗಳಲ್ಲಿತ್ತು. ದಶಮಾಂಶ ನಾಣ್ಯ ಬಂದದ್ದು 1957ರ ಏಪ್ರಿಲ್‌ನಲ್ಲಿ. ರೂಢಿ ಬಿಡಲು ಜನರಿಗೆ ಇನ್ನೂ ಕೆಲವು ವರ್ಷ ಹಿಡಿದಿರಬಹುದು. ಅಷ್ಟಾದರೂ ಪುಟ ಹಳೆಯದೇ. ಇನ್ನೂ ಮುಖ್ಯವಾದದ್ದು ಹುಡುಗನ ಕಣ್ಣಿಗೇ ಬಿತ್ತು. “ಸಾರ್, ಇಲ್ಲಿ ನೋಡಿ. ಸೊಪ್ಪು, ಸೀಮೆಎಣ್ಣೆ ಅಂತ ಬರೆದಿರೋದು ಸಹಿ ಹತ್ರ ಬಂದ ತಕ್ಷಣ ಪಕ್ಕಕ್ಕೆ ಸರಿದುಬಿಟ್ಟಿದೆ.” ಹೌದು, ಮುಂದಿನ ದಿನಗಳ ಲೆಕ್ಕದ ಸಾಲುಗಳು ರುಜುವನ್ನು ಮುಟ್ಟದೆ, ಗರ್ಭಗುಡಿಗೆ ಪ್ರದಕ್ಷಿಣೆ ಬಂದಂತೆ ಸುತ್ತಿಕೊಂಡು ಹೋಗಿದ್ದವು. ಅಂದರೆ ಲೆಕ್ಕ ಬರೆಯುವ ಮೊದಲೇ ಅಲ್ಲಿ ಸಹಿ ಇತ್ತು. ಇತ್ತೀಚೆಗೆ ಯಾರೋ ತುರುಕಿದ್ದಲ್ಲ. ಗೆರೆಯಲ್ಲಿ ತಡವರಿಕೆಯೂ ಇರಲಿಲ್ಲ.

ಹಾಗಾದರೆ ಅದು ಮಾಸ್ಟರ್ ಹಿರಣ್ಣಯ್ಯನವರ ಸಹಿಗೆ ಏಕೆ ಹೋಲಲಿಲ್ಲ? ಮಾಸ್ಟರ್ ಹಿರಣ್ಣಯ್ಯನವರ ಹುಟ್ಟುಹೆಸರು ನರಸಿಂಹಮೂರ್ತಿ. ಹುಟ್ಟಿದ್ದು 1934ರಲ್ಲಿ. ‘ಲಂಚಾವತಾರ’ ರಂಗಕ್ಕೆ ಬಂದದ್ದು 1959ರಲ್ಲಿ. ಹಿರಣ್ಣಯ್ಯ ಎಂಬುದು ಮೊದಲು ಅವರ ತಂದೆಯ ಹೆಸರು. ‘ಹಿರಣ್ಣಯ್ಯ ಮಿತ್ರ ಮಂಡಳಿ’ ಕಟ್ಟಿದ ಕೆ. ಹಿರಣ್ಣಯ್ಯನವರು ತೀರಿಕೊಂಡದ್ದು 1953ರಲ್ಲಿ. 1951ರಲ್ಲಿ ಮಗನಿಗೆ 17 ವರ್ಷ. ಕಂಪನಿಯ ಯಜಮಾನರು ತಂದೆ. ಮಿಲ್ಲಿನ ಕಾರ್ಮಿಕನೊಬ್ಬ ನಾಟಕ ಮುಗಿದ ಮೇಲೆ ಪುಸ್ತಕ ಚಾಚಿದ್ದು ಯಾರ ಮುಂದೆ ಇರಬಹುದು?

ಹುಡುಗನ ತಾಯಿಯನ್ನು ಕರೆಸಿ ಕೇಳಿದೆ. ಆಕೆ ಸ್ವಲ್ಪ ಹೊತ್ತು ಯೋಚಿಸಿ, “ನಮ್ಮ ಮಾವನವರು ಬರೀ ‘ಹಿರಣ್ಣಯ್ಯನವರು’ ಅಂತಿದ್ರು ಸಾರ್. ‘ಮಾಸ್ಟರ್’ ಅಂತ ಸೇರಿಸಿದ್ದು ನಾವೇ ಇರ್ಬೇಕು” ಎಂದರು. ತಾತ ಹೇಳಿದ ಮಾತಿಗೆ ಮನೆಯವರು ಗೊತ್ತಿದ್ದ ಹೆಸರನ್ನು ಅಂಟಿಸಿದ್ದರು. ವ್ಯಾಪಾರಿ ತಪ್ಪು ಮನುಷ್ಯನ ಸಹಿಯ ಜೊತೆ ಹೋಲಿಸಿದ್ದರು.

ಅಷ್ಟಕ್ಕೇ ಅದು ಕೆ. ಹಿರಣ್ಣಯ್ಯನವರ ರುಜು ಎಂದು ನಾನು ಬರೆದುಕೊಡಲಿಲ್ಲ. ಹೋಲಿಸಿ ನೋಡಲು ಅವರ ಆ ಕಾಲದ ನಂಬಲರ್ಹ ಸಹಿ ನನ್ನ ಬಳಿ ಇರಲಿಲ್ಲ. “ಪುಟ ಹಳೆಯದು, ಸಹಿ ಆ ಪುಟದಷ್ಟೇ ಹಳೆಯದು, ನಕಲಿ ಎನ್ನಲು ಕಾರಣವಿಲ್ಲ, ಅಸಲಿ ಎನ್ನಲು ಇನ್ನೊಂದು ಸಾಕ್ಷಿ ಬೇಕು” ಎಂದು ನಾಲ್ಕು ಮಾತು ಹೇಳಿದೆ. ನಿಜ, ಸುಳ್ಳು ಎಂಬ ಎರಡರ ಜೊತೆಗೆ ‘ಇನ್ನೂ ಹೇಳಲಾಗದು’ ಎಂಬ ಮೂರನೆಯ ಉತ್ತರವೂ ವಿಜ್ಞಾನದಲ್ಲಿದೆ. ಪರೀಕ್ಷೆಯಲ್ಲಿ ಅದಕ್ಕೆ ಅಂಕವಿಲ್ಲ, ಅಷ್ಟೆ. ಹುಡುಗನಿಗೆ ಅಷ್ಟು ಸಾಕಾಗಿತ್ತು. ಅವನ ಪ್ರಶ್ನೆ ಸಹಿಯದಾಗಿರಲಿಲ್ಲ, ತಾತನದಾಗಿತ್ತು. ಸೀಮೆಎಣ್ಣೆಯ ಲೆಕ್ಕವನ್ನು ಪಕ್ಕಕ್ಕೆ ಸರಿಸಿ ಬರೆದ ಮನುಷ್ಯ ಅದನ್ನು ನಿಜವೆಂದು ನಂಬಿಯೇ ಕಾಪಾಡಿದ್ದ ಎಂಬುದರಲ್ಲಿ ಸಂಶಯವಿರಲಿಲ್ಲ. ಆ ನೋಟ್‌ಬುಕ್ಕನ್ನು ಅವರು ಮಾರಲಿಲ್ಲ.

ಈಗ ಪ್ರಮಾಣಪತ್ರ ಸಮೇತ ಆಟೋಗ್ರಾಫ್ ಮಾರುವವರಿದ್ದಾರೆ. ಆ ಪ್ರಮಾಣಪತ್ರದ ಮೇಲಿನ ಸಹಿ ಯಾರದು ಎಂದು ಕೇಳುವವರು ಕಡಿಮೆ. ಅದಕ್ಕಿಂತ, ಮಕ್ಕಳೇ, ನೀವೇ ಹೋಗಿ ನಿಮ್ಮ ಕಣ್ಣೆದುರಿಗೇ ಹಾಕಿಸಿಕೊಳ್ಳಿ. ರವೀಂದ್ರ ಕಲಾಕ್ಷೇತ್ರಕ್ಕೋ ರಂಗಶಂಕರಕ್ಕೋ ಹೋದಾಗ ಆ ದಿನದ ಟಿಕೆಟ್ಟಿನ ಹಿಂದೆ ರುಜು ಪಡೆದು, ಪಕ್ಕದಲ್ಲಿ ನಿಮ್ಮ ಕೈಯಲ್ಲೇ ನಾಟಕ, ಪಾತ್ರ, ತಾರೀಖು, ಊರು ಬರೆದಿಡಿ. ಅಷ್ಟು ದೂರ ಆಗದಿದ್ದರೆ ನಮ್ಮ ಆನೇಕಲ್ ಸೀಮೆಯ ಹಳ್ಳಿಗಳಲ್ಲಿ ರಾತ್ರಿಯಿಡೀ ನಡೆಯುವ ‘ಕುರುಕ್ಷೇತ್ರ’ಕ್ಕೆ ಹೋಗಿ. ಬೆಳಗಿನ ಜಾವ ಬಣ್ಣ ಒರೆಸಿಕೊಳ್ಳುತ್ತ ಕೂತಿರುವ ದುರ್ಯೋಧನನ ಮುಂದೆ ಪುಸ್ತಕ ಹಿಡಿಯಿರಿ. ಹಗಲು ಆಟೋ ಓಡಿಸುವ ಆತ ನಾಚಿಕೊಂಡು, “ನಂದ್ಯಾಕಪ್ಪಾ?” ಎಂದು ಒಂದೆರಡು ಸಲ ಹೇಳಿ, ಕೊನೆಗೆ ಕಿರೀಟವನ್ನು ಪಕ್ಕಕ್ಕಿಟ್ಟು ನಿಧಾನವಾಗಿ ಹೆಸರು ಬರೆಯುತ್ತಾನೆ. ಅದನ್ನು ಯಾರೂ ನಕಲು ಮಾಡುವುದಿಲ್ಲ.