ಕೀಲಿಯ ಕುಣಿತ

ಗಾಜನೂರಿನಲ್ಲಿ ತುಂಗೆಗೆ ಅಣೆಕಟ್ಟು ಇದೆ. ಆದರೂ ಅಡಿಕೆ ತೋಟದವರಿಗೆ ಬೇಸಿಗೆಯ ಚಿಂತೆ ತಪ್ಪಿದ್ದಲ್ಲ. ಅಲ್ಲಿನ ನಿವೃತ್ತ ಮೇಷ್ಟರೊಬ್ಬರು ತಮ್ಮ ತುಂಡು ತೋಟಕ್ಕೆ ಸಹಾಯಧನ ಕೋರಿ, ಮನೆಯ ಕಂಪ್ಯೂಟರಿನಲ್ಲಿ ತಾವೇ ಒಂದು ಅರ್ಜಿಯನ್ನು ಸಿದ್ಧಪಡಿಸಿದರು. ಕೇಳಿದ್ದು ಹನಿ ನೀರಾವರಿ. ಅಚ್ಚಾದದ್ದು ಹಾನಿ ನೀರಾವರಿ.

ಜೀವಮಾನವೆಲ್ಲ ಮಕ್ಕಳ ಹ್ರಸ್ವ ದೀರ್ಘಗಳನ್ನು ತಿದ್ದಿದ ಕೈ ಅದು. ಮಗ ನಗಲಿಲ್ಲ, ನಕ್ಕಿದ್ದರೆ ವಾಸಿಯಿತ್ತು. “ವಯಸ್ಸಾಯಿತಲ್ಲ ಅಪ್ಪ, ಬೆರಳು ನಡುಗುತ್ತದೆ. ಇನ್ನು ಮೇಲೆ ನಾನೇ ಹೊಡೆದುಕೊಡುತ್ತೇನೆ” ಎಂದ. ಮೇಷ್ಟರು ಆ ರಾತ್ರಿ ಎಡಗೈಯ ಕಿರುಬೆರಳನ್ನು ದೀಪಕ್ಕೆ ಹಿಡಿದು ಬಹಳ ಹೊತ್ತು ನೋಡಿಕೊಂಡರು.

ಕೀಲಿಯನ್ನು ಒತ್ತಿದಾಗ ಒಳಗೆ ಎರಡು ಲೋಹದ ತುದಿಗಳು ಕೂಡುತ್ತವೆ. ಕೂಡುತ್ತವೆ ಎಂಬುದು ಮನುಷ್ಯನ ಮಂದ ಕಣ್ಣಿನ ಮಾತು. ನೆಲಕ್ಕೆ ಬಿದ್ದ ಗೋಲಿಯಂತೆ ಅವು ತಾಗಿ, ಎಗರಿ, ಮತ್ತೆ ತಾಗಿ, ಆಮೇಲೆ ನೆಲೆ ನಿಲ್ಲುತ್ತವೆ. ಈ ಕುಣಿತವೆಲ್ಲ ಸೆಕೆಂಡಿನ ಸಾವಿರದ ಕೆಲವೇ ಪಾಲುಗಳಲ್ಲಿ ಮುಗಿಯುತ್ತದೆ. ಬೆರಳಿಗೆ ಅದು ತಿಳಿಯದು. ಆದರೆ ಕೀಲಿಮಣೆಯೊಳಗಿನ ಪುಟ್ಟ ಯಂತ್ರ ಸೆಕೆಂಡಿಗೆ ನೂರಾರು ಸಲ ಪ್ರತಿಯೊಂದು ಕೀಲಿಯನ್ನೂ ವಿಚಾರಿಸಿಕೊಳ್ಳುತ್ತಿರುತ್ತದೆ. ಒಂದೊಂದು ಎಗರುವಿಕೆಯನ್ನೂ ಅದು ಒಂದೊಂದು ಒತ್ತು ಎಂದು ಲೆಕ್ಕ ಹಿಡಿದೀತು. ಅದಕ್ಕಾಗಿ ತಯಾರಕರು ಅದಕ್ಕೆ ತುಸು ತಾಳ್ಮೆಯನ್ನು ಕಲಿಸಿರುತ್ತಾರೆ: ಸುಮಾರು ೫ ಮಿಲಿಸೆಕೆಂಡು ಕಾಲ ಗಲಾಟೆಯನ್ನು ಕಿವಿಗೆ ಹಾಕಿಕೊಳ್ಳಬೇಡ ಎಂದು. ಇದಕ್ಕೆ ಡಿಬೌನ್ಸ್ ಎಂದು ಹೆಸರು.

ಕೀಲಿ ಹಳತಾಗಿ, ಧೂಳು ಕೂತು, ಮಲೆನಾಡಿನ ತೇವಕ್ಕೆ ಲೋಹ ಕಿಲುಬು ಹಿಡಿದರೆ ಕುಣಿತ ಈ ಗಡುವನ್ನು ಮೀರುತ್ತದೆ. ಆಗ ಒಂದು ಒತ್ತಿಗೆ ಎರಡು ಅಕ್ಷರ. ಮೇಷ್ಟರು ಇಂಗ್ಲಿಷ್ ಅಕ್ಷರಗಳಲ್ಲಿ ಹೊಡೆದು ಕನ್ನಡ ಪಡೆಯುವವರು. ಆ ಪದ್ಧತಿಯಲ್ಲಿ ‘ಎ’ ಎರಡು ಸಲ ಬಿದ್ದರೆ ದೀರ್ಘ. ಕೆ. ಪಿ. ರಾವ್ ಅವರ ಕೀಲಿಮಣೆಯ ವಿನ್ಯಾಸದಲ್ಲಾದರೆ ದೀರ್ಘಕ್ಕೆ ಶಿಫ್ಟ್ ಸಮೇತ ಒತ್ತಬೇಕು. ಅಲ್ಲಿ ಹಕಾರದ ಕೀಲಿ ಕುಣಿದರೂ ‘ಹಹನಿ’ ಎಂದಾಗಿ ತಪ್ಪು ಕಣ್ಣಿಗೆ ರಾಚುತ್ತಿತ್ತು. ‘ಹಾನಿ’ ಹಾಗಲ್ಲ, ಅದು ಸಭ್ಯವಾದ, ನಿಘಂಟಿನಲ್ಲಿರುವ ಶಬ್ದ.

ಮಗ ಒಂದು ಉಪಾಯ ಮಾಡಿದ. ನಡುಗುವ ಕೈಯವರಿಗೆಂದೇ ಕಂಪ್ಯೂಟರಿನಲ್ಲಿ ಒಂದು ಏರ್ಪಾಡು ಉಂಟು: ಅದೇ ಕೀಲಿ ಬೇಗನೆ ಮತ್ತೆ ಒತ್ತಿದಂತಾದರೆ ಅದನ್ನು ಬಿಟ್ಟುಬಿಡುವುದು. ನಿಜಕ್ಕೂ ಕೈ ನಡುಗುವವರಿಗೆ ಅದು ದೊಡ್ಡ ಉಪಕಾರ. ಮಗ ಗಡುವನ್ನು ಧಾರಾಳವಾಗಿಯೇ ಇಟ್ಟ. ಹಾನಿ ತಪ್ಪಿತು, ಆದರೆ ‘ಅಮ್ಮ’ ‘ಅಮ’ ಆದಳು, ‘ಅಣ್ಣ’ ‘ಅಣ’ ಆದ. ನಿಮಿಷಕ್ಕೆ ೩೦೦ ಅಕ್ಷರ ಹೊಡೆಯುವ ಚುರುಕಿನವರಿಗೂ ಒತ್ತಿಗೂ ಒತ್ತಿಗೂ ನಡುವೆ ೨೦೦ ಮಿಲಿಸೆಕೆಂಡು ಬಿಡುವು ಇರುತ್ತದೆ. ಕುಣಿತಕ್ಕೆ ಕಾಯಬೇಕಾದದ್ದು ೫. ಗಡುವು ಈ ಎರಡರ ನಡುವೆ ಇದ್ದರೆ ದ್ವಿತ್ವಕ್ಕೆ ಅಪಾಯವಿಲ್ಲ. ಅದಕ್ಕಿಂತ ಬಹಳ ಹೆಚ್ಚಿಸಿದರೆ ಬರೆದವನ ಮಾತೇ ಕತ್ತರಿಸಿಹೋಗುತ್ತದೆ.

ರಜೆಗೆ ಭದ್ರಾವತಿಯಿಂದ ಬಂದ ಮೊಮ್ಮಗಳು ಆ ಏರ್ಪಾಡನ್ನು ತೆಗೆದುಹಾಕಿ, “ಅಜ್ಜ, ಒಂದೊಂದು ಕೀಲಿಯನ್ನೂ ಹತ್ತು ಸಲ ಒತ್ತಿ, ನಿಧಾನವಾಗಿ” ಎಂದಳು. ಕೈ ನಡುಗುವುದಾದರೆ ಎಲ್ಲ ಕೀಲಿಗಳಲ್ಲೂ ನಡುಗಬೇಕಷ್ಟೆ. ಎಲ್ಲವೂ ಹತ್ತು ಹತ್ತೇ ಬಂದವು. ‘ಎ’ ಮಾತ್ರ ಹದಿಮೂರು. ಕೂಡಲೇ ಅವಳು ತಾನೇ ಹತ್ತು ಸಲ ಒತ್ತಿದಳು, ಹದಿನಾಲ್ಕು.

“ನಿನ್ನ ಬೆರಳೂ ನಡುಗುತ್ತದಲ್ಲ ಮಗು” ಎಂದರು ಮೇಷ್ಟರು, ಮಗನಿಗೆ ಕೇಳುವಂತೆ.

ಮಗ ಮರುದಿನವೇ ಶಿವಮೊಗ್ಗೆಯಿಂದ ಹೊಸ ಕೀಲಿಮಣೆ ತಂದ. ಅರ್ಜಿಯನ್ನು ಮೇಷ್ಟರೇ ಹೊಡೆದರು.